ಎಬೆದ್ಮೆಲೆಕನ ಹಗ್ಗ, ಕಂದಾಕೆಯ ಕಂಚುಕಿ

ಅಧ್ಯಕ್ಷರೇ, ಸಭೆಯ ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಬೈಬಲಿನ ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದ ಮೇಲೆ ನಾವೆಲ್ಲ ಎಷ್ಟು ಪ್ರಸಂಗ ಕೇಳಿಲ್ಲ! ಗಾಜಾದ ದಾರಿಯಲ್ಲಿ ರಥ ಬರುತ್ತದೆ, ಸುವಾರ್ತೆ ಸಾರುವ ಫಿಲಿಪ್ಪ ಪಕ್ಕದಲ್ಲೇ ಓಡುತ್ತಾನೆ, ನೀರು ಕಾಣಿಸುತ್ತದೆ. ರಥದಲ್ಲಿ ಕೂತವನ ವಿಷಯ ಬಂದಾಗ ಮಾತ್ರ ‘ಐಥಿಯೋಪ್ಯದ ಒಬ್ಬ ಅಧಿಕಾರಿ’ ಎಂದು ಹೇಳಿ ದಾಟಿಬಿಡುತ್ತೇವೆ. ಮಕ್ಕಳು ಕೂತಿರುತ್ತಾರೆ, ಮುಜುಗರ. ಅದನ್ನು ಬರೆದ ಲೂಕನಿಗೆ ಆ ಮುಜುಗರ ಇರಲಿಲ್ಲ. ಅದೊಂದೇ ಕಥೆಯಲ್ಲಿ ಐದು ಸಲ ಆತನನ್ನು ಕಂಚುಕಿ, ಅಂದರೆ ಬೀಜ ತೆಗೆಸಿಕೊಂಡ ಅರಮನೆಯ ಸೇವಕ, ಎಂದೇ ಕರೆದಿದ್ದಾನೆ. ನಾವು ನುಂಗಿದ ಆ ಮಾತೇ ಇವತ್ತಿನ ನನ್ನ ವಿಷಯ.

ಅಸ್ಸೀರಿಯ, ಬಾಬೆಲ್, ಪರ್ಷಿಯದ ಅರಮನೆಗಳು ಕಂಚುಕಿಗಳಿಲ್ಲದೆ ನಡೆಯುತ್ತಿರಲಿಲ್ಲ. ನಿನೆವೆಯ ಕಲ್ಲುಕೆತ್ತನೆಗಳಲ್ಲಿ ಗಡ್ಡಧಾರಿ ಅರಸನ ಪಕ್ಕದಲ್ಲೇ ಗಡ್ಡವಿಲ್ಲದ ಅಧಿಕಾರಿಗಳು ನಿಂತಿರುತ್ತಾರೆ. ಅಂತಃಪುರದ ಕಾವಲು ಅವರ ಕೆಲಸದಲ್ಲಿ ಒಂದು ಭಾಗ ಅಷ್ಟೇ. ಖಜಾನೆ, ಸೈನ್ಯ, ರಾಯಭಾರ, ಎಲ್ಲದರಲ್ಲೂ ಇದ್ದರು. ಮಕ್ಕಳಿಲ್ಲದವನು ತನ್ನ ಮಗನನ್ನು ಸಿಂಹಾಸನಕ್ಕೇರಿಸಲು ಹೊಂಚು ಹಾಕುವುದಿಲ್ಲ ಎಂಬುದು ಅರಸರ ಲೆಕ್ಕಾಚಾರ. ಆ ಲೆಕ್ಕಾಚಾರಕ್ಕೆ ಎಳೆಯ ಹುಡುಗರ ಮೈಗೆ ಕತ್ತಿ ಬಿತ್ತು. ಧರ್ಮೋಪದೇಶಕಾಂಡ 23ರ ಮೊದಲ ವಚನ ಅಂಥವನು ಕರ್ತನ ಸಭೆಗೆ ಸೇರಬಾರದು ಅನ್ನುತ್ತದೆ. ಕತ್ತಿ ಹಿಡಿದವನು ಯಾರು? ಅವನ ಬಗ್ಗೆ ಆ ವಚನದಲ್ಲಿ ಒಂದು ಮಾತೂ ಇಲ್ಲ. ಈ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈಗ ಯೆರೆಮೀಯ 38. ನನಗೆ ತೀರ ಇಷ್ಟವಾದ ಅಧ್ಯಾಯ, ಸ್ವಲ್ಪ ನಿಧಾನವಾಗಿ ಹೋಗೋಣ. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಊರಲ್ಲಿ ರೊಟ್ಟಿ ಮುಗಿಯುತ್ತಾ ಬಂದಿದೆ. ಶರಣಾಗಿ ಅಂದದ್ದಕ್ಕೆ ಪ್ರವಾದಿಯನ್ನು ಮಲ್ಕೀಯನ ಬಾವಿಗೆ ಇಳಿಸಿದ್ದಾರೆ. ನೀರಿಲ್ಲ, ಬರೀ ಕೆಸರು. ಯೆರೆಮೀಯ ಅದರಲ್ಲಿ ಹೂತುಹೋಗುತ್ತಿದ್ದಾನೆ. ಅರಸ ಚಿದ್ಕೀಯ ಪ್ರಧಾನರ ಮುಂದೆ ಕೈಚೆಲ್ಲಿ ಕೂತಿದ್ದಾನೆ. ಆಗ ಬಾಯಿ ಬಿಟ್ಟವನು ಯಾರು? ಯಾಜಕನಲ್ಲ, ಯೆಹೂದದ ಹಿರಿಯನೂ ಅಲ್ಲ. ಈಜಿಪ್ಟಿನ ದಕ್ಷಿಣದ ಕೂಷ್ ದೇಶದ ಕಂಚುಕಿ ಎಬೆದ್ಮೆಲೆಕ. ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದ ಅರಸನ ಮುಂದೆ ನಿಂತು, ಇವರು ಮಾಡಿದ್ದು ಅನ್ಯಾಯ ಅಂದ. ಅರಸ 30 ಜನರನ್ನು ಕೊಟ್ಟ. ಬಡಕಲು ಪ್ರವಾದಿಯೊಬ್ಬನನ್ನು ಎತ್ತುವುದಕ್ಕೆ ಇಷ್ಟು ಜನವೇ? ಪ್ರಧಾನರು ಅಡ್ಡ ಬಂದರೆ ಬೇಕಾಗುತ್ತದಲ್ಲ!

ಎಬೆದ್ಮೆಲೆಕ ನೆಟ್ಟಗೆ ಬಾವಿಗೆ ಹೋಗಲಿಲ್ಲ. ಮೊದಲು ಅರಮನೆಯ ಖಜಾನೆಯ ಕೆಳಗಿನ ಕೋಣೆಗೆ ಹೋಗಿ ಹಳೇ ಚಿಂದಿ, ಹರಕು ಬಟ್ಟೆ ಆರಿಸಿಕೊಂಡ. ಹಗ್ಗದ ಜೊತೆ ಅವನ್ನೂ ಇಳಿಸಿ, ‘ಕಂಕುಳಿಗೆ ಇವನ್ನಿಟ್ಟುಕೋ, ಮೇಲೆ ಹಗ್ಗ ಹಾಕಿಕೋ’ ಅಂದ. ಮೈಭಾರವೆಲ್ಲ ಹಗ್ಗದ ಮೇಲೆ ಬಿದ್ದರೆ ಕಂಕುಳ ಚರ್ಮ ಕಿತ್ತು ಬರುತ್ತದೆ. ಬಾವಿಗಿಳಿದು ಹೂಳೆತ್ತಿದವರನ್ನು ಕೇಳಿದರೆ ಹೇಳುತ್ತಾರೆ. ಊರೇ ಉರಿಯಲಿರುವಾಗ ಇನ್ನೊಬ್ಬನ ಕಂಕುಳು ತರಚೀತು ಎಂದು ಯೋಚಿಸಿದವನು, ತನ್ನ ಮೈ ಗಾಯಗೊಂಡವನು. ಮುಂದಿನ ಅಧ್ಯಾಯದಲ್ಲಿ ದೇವರು ಅವನ ಹೆಸರು ಹಿಡಿದು, ನಿನ್ನ ಪ್ರಾಣ ಉಳಿಸುತ್ತೇನೆ ಎಂದು ಮಾತು ಕೊಡುತ್ತಾನೆ.

ಇನ್ನು ಯೆಶಾಯ. ಯೆಹೂದದ ಅರಸ ಹಿಜ್ಕೀಯನಿಗೆ, ನಿನ್ನ ಸಂತಾನದವರೇ ಬಾಬೆಲಿನ ಅರಮನೆಯಲ್ಲಿ ಕಂಚುಕಿಗಳಾಗುವರು ಎಂದ ಪುಸ್ತಕ ಅದು. ಧರ್ಮೋಪದೇಶಕಾಂಡದ ಆ ನಿಯಮದ ಬಾಗಿಲಾಚೆ ಈಗ ನಿಲ್ಲುವವರು ಅರಸನದೇ ಮಕ್ಕಳು! ಅದೇ ಪುಸ್ತಕದ 56ನೇ ಅಧ್ಯಾಯ, ‘ನಾನು ಒಣಮರ’ ಅನ್ನಬೇಡ, ನನ್ನ ಆಲಯದಲ್ಲಿ ನಿನಗೆ ಗಂಡು ಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರಿದೆ ಅನ್ನುತ್ತದೆ. ಯೆರೂಸಲೇಮಿನಲ್ಲಿ ಯೆಹೂದ್ಯರ ನರಮೇಧದ ನೆನಪಿಗೆ 1953ರಲ್ಲಿ ಸ್ಥಾಪನೆಯಾದ ಯಾದ್ ವಶೇಮ್ ತನ್ನ ಹೆಸರನ್ನು ತೆಗೆದುಕೊಂಡದ್ದು ಈ ವಚನದಿಂದಲೇ.

ಈಗ ಗಾಜಾದ ದಾರಿಯ ರಥಕ್ಕೆ ಬರೋಣ. ಅದರಲ್ಲಿದ್ದ ಕಂಚುಕಿ, ಕಂದಾಕೆ ರಾಣಿಯ ಖಜಾನೆ ನೋಡಿಕೊಳ್ಳುತ್ತಿದ್ದವನು, ಬಂದದ್ದು ಇವತ್ತಿನ ಸುಡಾನಿನ ಮೆರೋಯೆ ಸೀಮೆಯಿಂದ. ಅಷ್ಟು ದೂರದಿಂದ ಯೆರೂಸಲೇಮಿಗೆ ಬಂದು ಆರಾಧಿಸಿ ಹಿಂತಿರುಗುವಾಗ ಓದುತ್ತಿದ್ದದ್ದು ಯೆಶಾಯ 53; ಸಂತತಿಯ ಮಾತು ಬರುವ ವಚನಗಳು. ಕೈಯಲ್ಲಿದ್ದ ಸುರುಳಿಯನ್ನು ಇನ್ನಷ್ಟು ಬಿಚ್ಚಿದ್ದರೆ 56ನೇ ಅಧ್ಯಾಯದ ಆ ವಾಗ್ದಾನ ಸಿಗುತ್ತಿತ್ತು. ‘ನನಗೆ ದೀಕ್ಷಾಸ್ನಾನವಾಗಲು ಅಡ್ಡಿ ಏನು?’ ಎಂದು ಅವನು ಕೇಳಿದ್ದು ಸುಮ್ಮನೆ ಅಲ್ಲ. ಅಡ್ಡಿ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಫಿಲಿಪ್ಪ ಧರ್ಮೋಪದೇಶಕಾಂಡ ತೆಗೆಯಲಿಲ್ಲ, ನೀರಿಗಿಳಿದ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪರ್ಷಿಯದ ರಾಣಿ ಎಸ್ತೇರಳಿಗೆ ದಾರಿ ಹೇಳಿಕೊಟ್ಟ ಹೇಗೈ, ಯೆಹೂದ್ಯರ ವೈರಿ ಹಾಮಾನನ 50 ಮೊಳದ ಗಲ್ಲುಮರ ತೋರಿಸಿದ ಹರ್ಬೋನ, ಈ ಕಂಚುಕಿಗಳ ಕಥೆಯನ್ನು ಮನೆಯಲ್ಲಿ ಓದಿಕೊಳ್ಳಿ. ಮತ್ತಾಯ 19ರಲ್ಲಿ ಯೇಸು ಹುಟ್ಟಿನಿಂದಲೇ ಹಾಗಿದ್ದವರು, ಮನುಷ್ಯರು ಹಾಗೆ ಮಾಡಿದವರು, ಪರಲೋಕರಾಜ್ಯಕ್ಕಾಗಿ ಹಾಗಾದವರು ಎಂದು ಬಿಡಿಸಿ ಹೇಳಿದ್ದಾನೆ. ನೋಡಿ, ‘ಮನುಷ್ಯರು ಮಾಡಿದವರು’! ಕತ್ತಿ ಹಿಡಿದವನು ಯಾರು ಎಂಬ ನನ್ನ ಪ್ರಶ್ನೆ ಅಲ್ಲೇ ಇದೆ.

325ರಲ್ಲಿ ನಿಕಾಯದಲ್ಲಿ ಸೇರಿದ ಬಿಷಪರ ಮಹಾಸಭೆ ತನ್ನ ಮೊದಲನೇ ನಿಯಮದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಂಡಿತು. ಆರೋಗ್ಯವಾಗಿದ್ದೂ ತನ್ನನ್ನು ತಾನೇ ಕತ್ತರಿಸಿಕೊಂಡವನಿಗೆ ಯಾಜಕಸೇವೆ ಇಲ್ಲ ಎಂದಿತು. ಕಾಯಿಲೆಗಾಗಿ ವೈದ್ಯ ಕತ್ತರಿಸಿದ್ದರೆ, ಶತ್ರುಗಳೋ ಒಡೆಯನೋ ಕತ್ತರಿಸಿದ್ದರೆ, ಅವನು ಯೋಗ್ಯನಾಗಿದ್ದರೆ ಸೇವೆಯಲ್ಲಿರಬಹುದು ಎಂದಿತು. ನಮ್ಮ ಸಭೆಗಳಲ್ಲಿ ಬಾಗಿಲ ಹೊರಗೇ ನಿಲ್ಲಿಸಿದವರ ವಿಷಯಕ್ಕೆ ಬರಬೇಕೆಂದಿದ್ದೆ, ಹೊತ್ತಾಯಿತು. ಪ್ರಶ್ನೋತ್ತರದಲ್ಲಿ ಮೊದಲು ಅದನ್ನೇ ಕೇಳಿ.