ಕಾಯುವ ಲಾರಿಯ ಡೀಸೆಲ್

ನಮಸ್ಕಾರ. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಕೃಷಿಕರೇ, ಲಾರಿ ಮಾಲಕರೇ, ಇವತ್ತು ನಾನು ಹೇಳಲಿಕ್ಕಿರುವುದು ಒಂದೇ ವಿಷಯ. ಸರಕನ್ನು ಮೊದಲು ಕಂಪ್ಯೂಟರಿನಲ್ಲಿ ಸಾಗಿಸಿ ನೋಡಿ, ಆಮೇಲೆ ರಸ್ತೆಗೋ ರೈಲಿಗೋ ಹತ್ತಿಸಿ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ತಡೆ ಬಹಳ ಕಡಿಮೆ. ಡಾಮರಿನ ಮೇಲೆ ರಬ್ಬರ್ ಟಯರಿಗೆ ಅದರ ಹಲವು ಪಟ್ಟು. ಹಾಗಾಗಿ ದೂರದ ಸರಕಿಗೆ ರೈಲೇ ಮಿತವ್ಯಯ. ಸರಿ, ಹಾಗೆ ಉಳಿಸಿದ್ದು ನಡುವೆ ಎಲ್ಲಿ ಸೋರುತ್ತದೆ?

ಲಾರಿಯಿಂದ ರೈಲಿಗೆ ಸರಕು ಹತ್ತಿಸುವ ಒಂದು ಯಾರ್ಡಿನ ಹೊರಗೆ ಉಪ್ಪಳ ಕಡೆಯ ಡ್ರೈವರ್ ಒಬ್ಬರು ಸಿಕ್ಕಿದರು. ಮೀನಿನ ಶೀತಲ ಕಂಟೈನರ್ ತಂದಿದ್ದರು. ಲಾರಿ ಉದ್ದದ ಸಾಲಿನಲ್ಲಿ ನಿಂತಿತ್ತು, ತಂಪು ಮಾಡುವ ಯಂತ್ರ ಮಾತ್ರ ಓಡುತ್ತಲೇ ಇತ್ತು. "ರೈಲಿನ ಲೆಕ್ಕ ಎಲ್ಲರೂ ಹೇಳ್ತಾರೆ ಸಾರ್, ಇಲ್ಲಿ ನಿಂತು ಸುಡುವ ಡೀಸೆಲಿನ ಲೆಕ್ಕ ಯಾರು ಇಡ್ತಾರೆ?" ಎಂದರು. ಎಲ್ಲರೂ ಒಟ್ಟಿಗೆ ಯಾಕೆ ಬರುತ್ತೀರಿ ಮಾರಾಯ್ರೇ ಎಂದು ಕೇಳಿದೆ. ತಡವಾದರೆ ರೈಲು ತಪ್ಪುತ್ತದಲ್ಲ ಎಂದರು. ಅವರ ಮಟ್ಟಿಗೆ ಅದು ಸರಿ. ಹಾಗೆ ಎಲ್ಲರೂ ಯೋಚಿಸಿದ್ದರಿಂದಲೇ ಆ ಸಾಲು.

ನಾನು ಅಂಥದೇ ಯಾರ್ಡನ್ನು ಕಂಪ್ಯೂಟರಿನಲ್ಲಿ ಕಟ್ಟಿದೆ. ಲಾರಿ ಬರುವ ಹೊತ್ತು, ಕ್ರೇನಿಗೆ ಬೇಕಾದ ನಿಮಿಷ, ರೈಲು ಹೊರಡುವ ಹೊತ್ತು, ನಿಂತಾಗ ಸುಡುವ ಡೀಸೆಲ್, ಎಲ್ಲ ತುಂಬಿಸಿದೆ. ಒಂದು ವರ್ಷದ ಓಡಾಟ ಕೆಲವೇ ನಿಮಿಷದಲ್ಲಿ ಕಣ್ಣೆದುರು ನಡೆಯುತ್ತದೆ. ಹೊಸ ಕ್ರೇನ್ ಕೊಡಲಿಲ್ಲ, ಹೊಸ ಹಳಿ ಹಾಕಲಿಲ್ಲ. ಊಟಕ್ಕೆ ಹಂತಿ ಹಂತಿಯಾಗಿ ಕರೆದ ಹಾಗೆ ಲಾರಿಗಳಿಗೆ ಬೇರೆ ಬೇರೆ ಹೊತ್ತು ಕೊಟ್ಟೆ. ಸಾಲು ಕರಗಿತು! ನಿಜವಾದ ಯಾರ್ಡಿನಲ್ಲಿ ಈ ಪ್ರಯೋಗಕ್ಕೆ ಯಾರು ಒಪ್ಪುತ್ತಾರೆ? ಅದಕ್ಕೇ ಹೇಳುವುದು, ಮೊದಲು ಕಂಪ್ಯೂಟರಿನಲ್ಲಿ.

ಸಮಯ ಓಡುತ್ತಿದೆ, ಉಳಿದದ್ದು ಚುಟುಕಾಗಿ. ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿದ ರೋ-ರೋ ಸೇವೆಯಲ್ಲಿ ತುಂಬಿದ ಲಾರಿಯೇ ವ್ಯಾಗನ್ ಹತ್ತುತ್ತದೆ. ಕ್ರೇನ್ ಬೇಡ, ಆದರೆ ಲಾರಿಯ ತೂಕವನ್ನೂ ರೈಲು ಎಳೆಯಬೇಕು. ಕಂಟೈನರಾದರೆ ಲಾರಿ ಇಲ್ಲೇ ಉಳಿಯುತ್ತದೆ, ಕ್ರೇನ್ ಬೇಕು. ಯಾವ ದೂರಕ್ಕೆ ಯಾವುದು? ಬಾಯಲ್ಲಿ ವಾದ ಮಾಡಬೇಡಿ, ಕಂಪ್ಯೂಟರಿನಲ್ಲಿ ಓಡಿಸಿ. ಪಣಂಬೂರು ಬಂದರಿನ ಹಡಗಿಗೂ ಅದೇ ಮಾತು. ಹಡಗಿನಲ್ಲಿ ಟನ್ನಿಗೆ ತಗಲುವ ಇಂಧನ ಇನ್ನೂ ಕಡಿಮೆ. ಬಂದರಿಗೆ ಹೋದ ಲಾರಿ ಖಾಲಿ ಹಿಂದೆ ಬಂದರೆ ಆ ಲಾಭಕ್ಕೂ ಏಟು.

ಲಾರಿ ಮಾಲಕರಲ್ಲಿ ಒಂದು ಕೇಳಿಕೆ. ಗೇಟಿಗೆ ತಲುಪಿದ ಹೊತ್ತು, ಒಳಗೆ ಹೋದ ಹೊತ್ತು, ಹಿಂದೆ ಬರುವಾಗ ಲೋಡು ಇತ್ತೋ ಇಲ್ಲವೋ, ಇಷ್ಟನ್ನು ಡ್ರೈವರ್ ಹತ್ತಿರ ಒಂದು ಪುಸ್ತಕದಲ್ಲಿ ಬರೆಸಿಡಿ. ಈ ಅಂಕಿಗಳಿಲ್ಲದೆ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ನಮಸ್ಕಾರ.