ವೀನ್, ಬೇಚ್, ದುನಾಯ್: ಒಂದೇ ಊರು

ಕೇಳುಗರೇ, ನಮಸ್ಕಾರ.

ಆಸ್ಟ್ರಿಯಾದ ರಾಜಧಾನಿ ಯಾವುದು ಅಂದರೆ ನಾವೆಲ್ಲ ವಿಯೆನ್ನಾ ಅಂತೀವಿ. ಆ ಊರಿನವರ ಬಾಯಲ್ಲಿ ಅದು ವೀನ್. ಅಷ್ಟೇ, ಒಂದೇ ಉಸಿರಿನ ಹೆಸರು. ವಿಯೆನ್ನಾ ಅನ್ನೋದು ಇಟಲಿಯವರೂ ಇಂಗ್ಲಿಷಿನವರೂ ಬಳಸುವ ರೂಪ. ಇಂಗ್ಲಿಷಿನಿಂದ ಅದು ನಮ್ಮ ಶಾಲೆಯ ಭೂಪಟಕ್ಕೂ ಬಂತು.

ನನಗೆ ಜಾಸ್ತಿ ಖುಷಿ ಕೊಡುವುದು ಅಕ್ಕಪಕ್ಕದವರು ಇಟ್ಟುಕೊಂಡ ಹೆಸರುಗಳು. ಜೆಕ್ ಜನ ವೀದೆನ್ ಅಂತಾರೆ, ಪೋಲೆಂಡಿನವರು ವಿಯೆದೆನ್. ಇವು ವೀನ್‌ನ ನೆಂಟರು ಅಂತ ಕಿವಿಗೇ ಗೊತ್ತಾಗುತ್ತದೆ. ಆದರೆ ಹಂಗೆರಿಗೆ ಕಾಲಿಟ್ಟರೆ ಹೆಸರೇ ಬೇರೆ, ಬೇಚ್. ಕ್ರೊಯೇಷಿಯಾ, ಸರ್ಬಿಯಾದಲ್ಲಿ ಬೆಚ್.

ತುರ್ಕರೂ ಹಿಂದೆ ಬೆಚ್ ಅಂತಲೇ ಕರೆಯುತ್ತಿದ್ದರು. 1529ರಲ್ಲಿ ಒಮ್ಮೆ, 1683ರಲ್ಲಿ ಇನ್ನೊಮ್ಮೆ ಅವರ ಸೈನ್ಯ ಈ ಊರಿಗೆ ಮುತ್ತಿಗೆ ಹಾಕಿತು. ಎರಡು ಸಲವೂ ಊರು ಕೈಗೆ ಸಿಗಲಿಲ್ಲ. ಈಗ ತುರ್ಕಿಯಲ್ಲೂ ವಿಯಾನಾ ಅನ್ನುತ್ತಾರೆ. ಹಳೆಯ ಹೆಸರು ಮಾತ್ರ ಕೋಳಿಗೂಡಿನಲ್ಲಿ ಉಳಿದುಕೊಂಡಿದೆ! ಬೂದು ಮೈಮೇಲೆ ಬಿಳಿ ಚುಕ್ಕಿ ಇಟ್ಟ ಗಿನಿ ಕೋಳಿ ನೋಡಿದ್ದೀರಲ್ವಾ? ತುರ್ಕಿ ಭಾಷೆಯಲ್ಲಿ ಅದು ಇವತ್ತಿಗೂ ಬೆಚ್ ಕೋಳಿ. ಆಫ್ರಿಕಾದ ಹಕ್ಕಿಗೆ ವಿಯೆನ್ನಾದ ಹೆಸರು.

ಬೇರೆಯವರ ಬಾಯಲ್ಲಿ ಊರಿನ ಹೆಸರು ಕೆಟ್ಟುಹೋಯಿತು ಅಂತ ಕೊರಗುವವರಿದ್ದಾರೆ. ನಮ್ಮ ಕಾಗದಪತ್ರಗಳಲ್ಲೇ ಬೆಂಗಳೂರು ಬ್ಯಾಂಗಲೋರ್ ಆಗಿ ಕೂತಿದ್ದಾಗ ನನಗೂ ಬೇಜಾರಿತ್ತು. 2014ರ ನವೆಂಬರ್ 1ರಂದು ಅದು ಬದಲಾಯಿತು, ಒಳ್ಳೆಯದಾಯಿತು. ಆದರೆ ಹಂಗೆರಿಯವರ ಬೇಚ್ ಹಾಗಲ್ಲ. ಅದನ್ನು ಅವರು ವಿಯೆನ್ನಾದವರ ಮೇಲೆ ಹೇರಿಲ್ಲ. ತಮ್ಮ ಮನೆಯೊಳಗೆ, ತಮ್ಮ ನಾಲಿಗೆಗೆ ಒಗ್ಗುವಂತೆ ಕರೆಯುತ್ತಾರೆ. ಹೋಗಿ ಬಂದು ಬಳಕೆ ಇರುವ ಊರಿಗೆ ಮಾತ್ರ ಜನ ಹೀಗೆ ಸ್ವಂತ ಹೆಸರು ಇಟ್ಟುಕೊಳ್ಳುತ್ತಾರೆ ಅಂತ ನನ್ನ ಅನಿಸಿಕೆ.

ಸ್ಲೊವೇನಿಯಾದವರದು ಇನ್ನೂ ಸೊಗಸು. ವಿಯೆನ್ನಾದ ಪಕ್ಕ ಹರಿಯುವ ಡ್ಯಾನ್ಯೂಬ್ ನದಿಗೆ ಸ್ಲೊವಾಕಿಯಾದಲ್ಲಿ ದುನಾಯ್ ಅಂತಾರೆ. ಸ್ಲೊವೇನಿಯಾದಲ್ಲಿ ವಿಯೆನ್ನಾ ಊರೇ ದುನಾಯ್! ನದಿಗೆ ಅವರು ದೊನಾವಾ ಅನ್ನುತ್ತಾರೆ. ಹಾಗಾಗಿ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದವರು ದುನಾಯ್ ನೋಡಿ ಬಂದೆ ಅಂದರೆ ನದಿ ದಡಕ್ಕೆ ಸುಮ್ನೆ ಸಂಜೆ ಹೋಗಿದ್ದರು ಅಂತ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದವರು ಅದೇ ಮಾತು ಹೇಳಿದರೆ ಗಡಿ ದಾಟಿ ಬಂದಿದ್ದಾರೆ ಅಂತ.

ಲ್ಯುಬ್ಲಿಯಾನಾದ ಒಂದು ದೊಡ್ಡ ರಸ್ತೆಯ ಹೆಸರು ದುನಾಯ್ಸ್ಕಾ, ಅಂದರೆ ವಿಯೆನ್ನಾ ರಸ್ತೆ. ನಮ್ಮಲ್ಲಿ ಮೈಸೂರು ರಸ್ತೆ, ತುಮಕೂರು ರಸ್ತೆ ಇದ್ದಂತೆ. ಆ ರಸ್ತೆ ಹಿಡಿದು ದುನಾಯ್‌ಗೆ ಹೊರಟವರು ಆಸ್ಟ್ರಿಯಾ ಸೇರಿದ ಮೇಲೆ ಫಲಕಗಳಲ್ಲಿ ವೀನ್ ಅಂತ ಹುಡುಕಬೇಕು.

ನಮಸ್ಕಾರ.