ತಕಿಟ ತಕಿಟ ಕ್ರಿಸ್ಮಸ್: ಈ ಡಿಸೆಂಬರಿನಲ್ಲಿ ಏನೇನು ಕೇಳಬಹುದು?

[ದೃಶ್ಯ: ಮರದ ಮೇಜು. ನಿರೂಪಕರ ಎರಡು ಕೈಗಳು ಮಾತ್ರ ಕಾಣುತ್ತವೆ. ಬೆರಳುಗಳು ನಿಧಾನವಾಗಿ ತಟ್ಟುತ್ತಿವೆ.]

ತಕಿಟ ತಕಿಟ, ತಕಿಟ ತಕಿಟ.

ನಿಮ್ಮೆದುರಿಗೆ ಮೇಜೋ ನಿಮ್ಮದೇ ತೊಡೆಯೋ ಇದ್ದರೆ ನೀವೂ ತಟ್ಟಿ. ಅವಸರ ಬೇಡ, ತೊಟ್ಟಿಲು ತೂಗುವಷ್ಟು ನಿಧಾನವಾಗಿ. ಮೊದಲ ‘ತ’ಕ್ಕೆ ತೊಟ್ಟಿಲು ಆ ಕಡೆ, ಎರಡನೆಯ ‘ತ’ಕ್ಕೆ ಈ ಕಡೆ. ತಟ್ಟುತ್ತಲೇ ‘ಸೈಲೆಂಟ್ ನೈಟ್’ ಗುನುಗಿ ನೋಡಿ. ಸರಿಯಾಗಿ ಕೂರುತ್ತದೆ, ಅಲ್ಲವೇ?

[ದೃಶ್ಯ: ಕ್ಯಾಮೆರಾ ಮುಖಕ್ಕೆ.]

ನಮಸ್ಕಾರ. ಡಿಸೆಂಬರ್ ಬಂತೆಂದರೆ ಮಾಲ್‌ಗಳಲ್ಲಿ, ಲಿಫ್ಟ್‌ಗಳಲ್ಲಿ, ಬೇಕರಿಗಳಲ್ಲಿ ಅವೇ ನಾಲ್ಕು ಹಾಡುಗಳು ತಿರುಗುತ್ತಿರುತ್ತವೆ. ಹಬ್ಬದ ದಿನ ಬರುವಷ್ಟರಲ್ಲಿ ಕಿವಿ ಸೋತಿರುತ್ತದೆ. ಆದರೆ ಕ್ರಿಸ್ಮಸ್ ಸಂಗೀತ ಎಂಬುದು ಆ ನಾಲ್ಕು ಹಾಡುಗಳಲ್ಲ. ಅದರಲ್ಲಿ ಕುರಿಗಾಹಿಗಳ ಊದುವಾದ್ಯವಿದೆ, ಜಾಜ್ ಇದೆ, ಕುಡುಕರ ಜಗಳವಿದೆ, ಹಕ್ಕಿಯ ಶಕುನವೂ ಇದೆ. ಇವತ್ತು ಅವುಗಳಲ್ಲಿ ನನಗೆ ಇಷ್ಟವಾದವನ್ನು ಹೇಳುತ್ತೇನೆ. ಧ್ವನಿಮುದ್ರಣಗಳನ್ನು ಇಲ್ಲಿ ಕೇಳಿಸಿದರೆ ಹಕ್ಕುಸ್ವಾಮ್ಯದ ನೋಟಿಸ್ ಬರುತ್ತದೆ. ಹಾಗಾಗಿ ನನ್ನ ಬಳಿ ಇರುವುದು ಈ ಮೇಜು ಮತ್ತು ತಕಿಟ. ಅದೇ ಸಾಕು, ಏಕೆಂದರೆ ಈ ಪಟ್ಟಿಯ ಅರ್ಧದಷ್ಟು ಹಾಡುಗಳು ಮೂರು ಮೂರು ಅಕ್ಷರದ ಈ ತಿಶ್ರ ನಡೆಯ ಮೇಲೆಯೇ ನಡೆಯುತ್ತವೆ.

‘ಸೈಲೆಂಟ್ ನೈಟ್’ ಮೂಲದಲ್ಲಿ ಜರ್ಮನ್ ಹಾಡು. ಯೋಸೆಫ್ ಮೋರ್ ಎಂಬ ಯುವ ಪಾದ್ರಿ 1816ರಲ್ಲಿ ಪದ್ಯ ಬರೆದರು. ಶಾಲಾ ಮೇಷ್ಟ್ರಾಗಿದ್ದ ಫ್ರಾಂಟ್ಸ್ ಗ್ರೂಬರ್ ಅದಕ್ಕೆ ರಾಗ ಹಾಕಿದರು. 1818ರ ಡಿಸೆಂಬರ್ 24ರಂದು, ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡೋರ್ಫ್ ಎಂಬ ಊರಿನ ಚರ್ಚಿನಲ್ಲಿ ಇಬ್ಬರೂ ಸೇರಿ ಹಾಡಿದರು. ಗಿಟಾರ್ ನುಡಿಸಿದ್ದು ಪಾದ್ರಿಯೇ. ಚರ್ಚಿನ ಆರ್ಗನ್ನನ್ನು ಇಲಿಗಳು ಕಡಿದು ಹಾಕಿದ್ದರಿಂದ ಗಿಟಾರ್ ಹಿಡಿಯಬೇಕಾಯಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಚೆಂದದ ಕಥೆ, ಆದರೆ ಕಟ್ಟುಕಥೆ. ಈ ಹಾಡು ಹುಟ್ಟಿದ ಬಗೆಯನ್ನು ಗ್ರೂಬರ್ ಸ್ವತಃ 1854ರಲ್ಲಿ ಬರೆದಿಟ್ಟಿದ್ದಾರೆ, ಅದರಲ್ಲಿ ಒಂದು ಇಲಿಯೂ ಇಲ್ಲ.

ನನ್ನ ಸಲಹೆ: ನೂರು ಜನರ ಮೇಳ, ಘಂಟೆ, ಪಿಟೀಲುಗಳ ಮಹಾಪೂರವಿರುವ ಆವೃತ್ತಿಗಳನ್ನು ಒಮ್ಮೆ ಪಕ್ಕಕ್ಕಿಡಿ. ಎರಡು ಗಂಡು ದನಿ, ಒಂದು ಗಿಟಾರ್ ಇರುವ ಜರ್ಮನ್ ಆವೃತ್ತಿಯೊಂದನ್ನು ಹುಡುಕಿ ಕೇಳಿ. ಇದು ಜೋಗುಳ ಎಂಬುದು ಆಗ ಗೊತ್ತಾಗುತ್ತದೆ.

[ದೃಶ್ಯ: ಮೇಜಿನ ಮೇಲೆ ಶ್ರುತಿ ಪೆಟ್ಟಿಗೆ. ಶ್ರುತಿ ಆರಂಭವಾಗುತ್ತದೆ.]

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಇಟಲಿಯ ಅಬ್ರುತ್ಸೊ ಬೆಟ್ಟಗಳಿಂದ ಕುರಿಗಾಹಿಗಳು ಕ್ರಿಸ್ಮಸ್ ಹೊತ್ತಿಗೆ ರೋಮ್ ನಗರಕ್ಕೆ ಇಳಿದು ಬಂದು, ಬೀದಿಯ ಮೇರಿಯಮ್ಮನ ಮೂರ್ತಿಗಳ ಮುಂದೆ ವಾದ್ಯ ನುಡಿಸುತ್ತಿದ್ದರು. ಒಬ್ಬನ ಕೈಯಲ್ಲಿ ಮೌರಿಯಂತಹ ಊದುವಾದ್ಯ, ಹೆಸರು ಪಿಫ್ಫೆರೊ. ಇನ್ನೊಬ್ಬನ ತೋಳಿನ ಕೆಳಗೆ ಚರ್ಮದ ಚೀಲ, ಹೆಸರು ಜಂಪೋನ್ಯಾ. ಚೀಲದ್ದು ಮುಖ್ಯವಾಗಿ ಶ್ರುತಿ ಹಿಡಿದು ನಿಲ್ಲುವ ಕೆಲಸ, ಮೌರಿಯದ್ದು ಅದರ ಮೇಲೆ ಆಡುವ ಕೆಲಸ. ನಮ್ಮೂರಿನ ಮದುವೆಯ ಓಲಗದಲ್ಲಿ ಒಬ್ಬ ಕೆನ್ನೆ ಉಬ್ಬಿಸಿಕೊಂಡು ‘ಒತ್ತು’ ಹಿಡಿದು ನಿಂತಿರುತ್ತಾನಲ್ಲ, ಅದೇ ಏರ್ಪಾಡು. ಯುರೋಪಿನ ಶಾಸ್ತ್ರೀಯ ಸಂಗೀತ ನಮಗೆ ದೂರ ಎನ್ನುವವರು ಇಲ್ಲಿಂದ ಒಳಗೆ ಬರಬೇಕು. ಶ್ರುತಿಗೆ ಒಗ್ಗಿದ ಕಿವಿಗೆ ಈ ಬಾಗಿಲು ತೆರೆದೇ ಇದೆ.

ಈ ಬೀದಿ ಸಂಗೀತವನ್ನು ಕೊರೆಲ್ಲಿ ಎಂಬ ಪಿಟೀಲು ವಿದ್ವಾಂಸರು ತಮ್ಮ ಕಾನ್ಸರ್ಟೊ, ಎಂದರೆ ವಾದ್ಯಮೇಳದ ಕೃತಿ, ಒಂದರ ಕೊನೆಗೆ ತಂದಿರಿಸಿದರು. ಅವರು ತೀರಿಕೊಂಡ ಮರುವರ್ಷ, 1714ರಲ್ಲಿ, ಆರನೇ ಸಂಪುಟದ ಎಂಟನೆಯ ಕೃತಿಯಾಗಿ ಅದು ಅಚ್ಚಾಯಿತು. ‘ಕ್ರಿಸ್ಮಸ್ ರಾತ್ರಿಗಾಗಿ ಮಾಡಿದ್ದು’ ಎಂದು ಅದರ ಮೇಲೆಯೇ ಬರೆದಿದೆ. ಸುಮಾರು ಹತ್ತು ನಿಮಿಷ ಪಿಟೀಲುಗಳ ಗಂಭೀರ ಓಡಾಟ. ಕೊನೆಯಲ್ಲಿ ಇದ್ದಕ್ಕಿದ್ದಂತೆ ಬಾನು ತಿಳಿಯಾದ ಹಾಗೆ ‘ಪಾಸ್ತೊರಾಲೆ’, ಎಂದರೆ ಕುರಿಗಾಹಿಗಳ ಸಂಗೀತ. ಕೆಳಗಿನ ಸ್ವರ ಅಲುಗದೆ ನಿಲ್ಲುತ್ತದೆ, ಮೇಲೆ ತಕಿಟ ತಕಿಟ ತಕಿಟ ತಕಿಟ. ಈ ಭಾಗವನ್ನು ಬೇಕಿದ್ದರೆ ನುಡಿಸಿ, ಬೇಡವಾದರೆ ಬಿಡಿ ಎಂದು ಮುದ್ರಿತ ಪ್ರತಿಯಲ್ಲಿ ಸೂಚನೆಯಿದೆ. ಬಿಟ್ಟ ವಾದ್ಯಗಾರರನ್ನು ನಾನಂತೂ ಕಂಡಿಲ್ಲ. ಇವತ್ತಿನ ಪಟ್ಟಿಯಲ್ಲಿ ಒಂದನ್ನು ಮಾತ್ರ ಕೇಳುತ್ತೇನೆ ಎನ್ನುವವರು ಇದನ್ನೇ ಕೇಳಿ.

ರೋಮ್‌ನಲ್ಲಿ ಕೊರೆಲ್ಲಿಯವರ ಜೊತೆ ಕೆಲಸ ಮಾಡಿದ್ದ ಜರ್ಮನ್ ಯುವಕನೊಬ್ಬ ಮುಂದೆ ಲಂಡನ್ನಿನಲ್ಲಿ ನೆಲೆಸಿದ. ಅವನೇ ಹ್ಯಾಂಡೆಲ್. 1741ರಲ್ಲಿ 24 ದಿನಗಳಲ್ಲಿ ‘ಮೆಸಾಯ’ ಎಂಬ ದೊಡ್ಡ ಗಾಯನಕೃತಿಯನ್ನು ಬರೆದು ಮುಗಿಸಿದ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ‘ಹಲ್ಲೆಲೂಯ’ ಮೇಳಗಾಯನ. ಸೋಜಿಗವೆಂದರೆ ಅದು ಕ್ರಿಸ್ಮಸ್‌ಗೆ ಸಂಬಂಧಿಸಿದ್ದೇ ಅಲ್ಲ! ಕ್ರಿಸ್ತನ ಯಾತನೆ ಮತ್ತು ಪುನರುತ್ಥಾನವನ್ನು ಹೇಳುವ ಎರಡನೆಯ ಭಾಗದ ಕೊನೆಗೆ ಅದು ಬರುತ್ತದೆ. ಇಡೀ ಕೃತಿಯ ಮೊದಲ ಪ್ರದರ್ಶನವೂ ಡಬ್ಲಿನ್‌ನಲ್ಲಿ, 1742ರ ಏಪ್ರಿಲ್‌ನಲ್ಲಿ ಆದದ್ದು. ಜನನದ ಪ್ರಸಂಗ ಇರುವುದು ಮೊದಲ ಭಾಗದಲ್ಲಿ. ಅಲ್ಲಿ ಕುರಿಗಾಹಿಗಳು ಬರುವ ಮುನ್ನ ಪಿಟೀಲುಗಳಷ್ಟೇ ನುಡಿಸುವ ಪುಟ್ಟ ತುಣುಕೊಂದಿದೆ, ಹೆಸರು ‘ಪೀಫಾ’. ಪಿಫ್ಫೆರೊ ನೆನಪಾಯಿತೇ? ಹ್ಯಾಂಡೆಲ್ ತರುಣನಾಗಿದ್ದಾಗ ರೋಮ್‌ನ ಬೀದಿಯಲ್ಲಿ ಮೊಳಗುತ್ತಿದ್ದ ಮೌರಿ ಅದು.

ಜರ್ಮನ್ ಸಂಯೋಜಕ ಬಾಖ್ ಅವರ ‘ಕ್ರಿಸ್ಮಸ್ ಒರಟೋರಿಯೊ’, ಎಂದರೆ ಬೈಬಲ್ ಕಥೆಯನ್ನು ಹಾಡಿನಲ್ಲಿ ಹೇಳುವ ಕೃತಿ, ದೊಡ್ಡ ಸಾಹಸ. ಆರು ಭಾಗ, ಆರು ದಿನ. 1734ರ ಡಿಸೆಂಬರ್ 25ರಿಂದ ಮರುವರ್ಷದ ಜನವರಿ 6ರವರೆಗೆ ಲೈಪ್ಸಿಗ್ ನಗರದಲ್ಲಿ ಹಾಡಿಸಿದರು. ಒಂದೇ ಸಲ ಕೂತು ಪೂರ್ತಿ ಕೇಳಲು ಹೋಗಬೇಡಿ, ಊಟವನ್ನು ಒಂದೇ ತುತ್ತಿನಲ್ಲಿ ಮುಗಿಸಿದಂತಾಗುತ್ತದೆ. ಎರಡು ತುಣುಕು ಸಾಕು. ಮೊದಲನೆಯದು ಆರಂಭದ ಮೇಳಗಾಯನ: ನಗಾರಿಯ ಐದು ಏಟಿನಿಂದ ಶುರು. ಈ ಸಂಗೀತವನ್ನು ಬಾಖ್ ಒಂದು ವರ್ಷ ಮೊದಲು ರಾಣಿಯೊಬ್ಬಳ ಹುಟ್ಟುಹಬ್ಬಕ್ಕೆ ಬರೆದಿದ್ದರು, ಇಲ್ಲಿ ಸಾಹಿತ್ಯ ಬದಲಿಸಿ ಬಳಸಿಕೊಂಡರು. ಎರಡನೆಯದು ಎರಡನೆಯ ಭಾಗದ ಮೊದಲಿಗೆ ಬರುವ ‘ಸಿನ್‌ಫೋನಿಯ’. ಅಲ್ಲಿ ಪಿಟೀಲು, ಕೊಳಲುಗಳ ಗುಂಪೊಂದು, ಓಬೋ ಎಂಬ ನಾಲ್ಕು ಊದುವಾದ್ಯಗಳ ಗುಂಪೊಂದು. ದೇವದೂತರು ಮತ್ತು ಕುರಿಗಾಹಿಗಳು ಮಾತಾಡುತ್ತಿದ್ದಾರೆ ಎಂದು ಕೇಳಿದವರು ಹೇಳುತ್ತಾರೆ. ನನಗಂತೂ ಸವಾಲ್ ಜವಾಬ್ ನೆನಪಾಗುತ್ತದೆ.

[ದೃಶ್ಯ: ಶ್ರುತಿ ನಿಲ್ಲುತ್ತದೆ. ಬೆರಳುಗಳು ಹೊಸ ತಾಳ ತಟ್ಟುತ್ತವೆ.]

ತಾ ತಕ ತಾ. ತಾ ತಕ ತಾ.

ಇದು ಉಕ್ರೇನಿನ ‘ಶ್ಚೆದ್ರಿಕ್’. ಇಂಗ್ಲಿಷ್ ಸಿನಿಮಾ ನೋಡುವವರಿಗೆ ಇದು ‘ಕ್ಯಾರಲ್ ಆಫ್ ದ ಬೆಲ್ಸ್’ ಎಂದು ಪರಿಚಿತ. ಆದರೆ ಮೂಲದಲ್ಲಿ ಘಂಟೆಯೂ ಇಲ್ಲ, ಕ್ರಿಸ್ಮಸ್ ಕೂಡ ಇಲ್ಲ. ಇದು ಹೊಸ ವರ್ಷದ ಹಾಡು. ಕವಲುತೋಕೆಯ ಪುಟ್ಟ ಹಕ್ಕಿಯೊಂದು ಮನೆಗೆ ಹಾರಿ ಬಂದು ಯಜಮಾನನನ್ನು ಕರೆಯುತ್ತದೆ: ಹೊರಗೆ ಬಾ, ಕೊಟ್ಟಿಗೆ ನೋಡು, ಕುರಿ ಮರಿ ಹಾಕಿದೆ, ಈ ವರ್ಷ ನಿನಗೆ ಸಮೃದ್ಧಿ. ಮೈಕೊಲಾ ಲಿಯೊಂಟೊವಿಚ್ ಎಂಬ ಸಂಯೋಜಕರು ಈ ಜನಪದದ ನಾಲ್ಕೇ ಸ್ವರಗಳ ಎಳೆಯನ್ನು ಹಿಡಿದು ಇಡೀ ಮೇಳಗಾಯನ ಕಟ್ಟಿದರು. 1916ರಲ್ಲಿ ಕೀವ್ ನಗರದಲ್ಲಿ ಅದರ ಮೊದಲ ಗಾಯನವಾಯಿತು. ಮುಂದೆ 1921ರ ಜನವರಿಯಲ್ಲಿ ಸೋವಿಯತ್ ಗುಪ್ತಚರನೊಬ್ಬ ಅವರನ್ನು ಗುಂಡಿಟ್ಟು ಕೊಂದ. ಇಂಗ್ಲಿಷಿನ ಘಂಟೆಗಳು 1936ರಲ್ಲಿ ಸೇರಿಕೊಂಡವು. ಉಕ್ರೇನಿನ ಮೇಳಗಳು ವಾದ್ಯವಿಲ್ಲದೆ ಹಾಡಿದ್ದನ್ನು ಹುಡುಕಿ ಕೇಳಿ.

ಕ್ರಿಸ್ಮಸ್ ಎಂದರೆ ಹಿಮವೇ ಏಕೆ ಬೀಳಬೇಕು? ಅರ್ಜೆಂಟೀನಾದಲ್ಲಿ ಡಿಸೆಂಬರ್ ಬೇಸಿಗೆ. ಆ ದೇಶದ ಆರಿಯೆಲ್ ರಮಿರೆಸ್ 1964ರಲ್ಲಿ ‘ಮಿಸಾ ಕ್ರಿಯೊಲ್ಯಾ’ ಎಂಬ ಪ್ರಸಿದ್ಧ ಕೃತಿಯ ಜೊತೆಗೇ ‘ನವಿದಾದ್ ನ್ವೆಸ್ತ್ರಾ’, ಎಂದರೆ ‘ನಮ್ಮ ಕ್ರಿಸ್ಮಸ್’, ರಚಿಸಿದರು. ಸಾಹಿತ್ಯ ಫೆಲಿಕ್ಸ್ ಲೂನಾ ಅವರದು. ಆರು ಹಾಡು, ಒಂದೊಂದಕ್ಕೂ ಒಂದೊಂದು ಸೀಮೆಯ ಜಾನಪದ ತಾಳ. ಎರಡನೆಯ ಹಾಡು ‘ಲಾ ಪೆರೆಗ್ರಿನಸಿಯೋನ್’ ನನ್ನ ಅಚ್ಚುಮೆಚ್ಚಿನದು. ಬಸುರಿ ಮೇರಿ ಮತ್ತು ಜೋಸೆಫ್ ಪಾಂಪಾ ಬಯಲಿನಲ್ಲಿ ನಡೆದು ಹೋಗುತ್ತಿದ್ದಾರೆ, ತಂಗಲು ಜಾಗವಿಲ್ಲ. ಆ ದೇಶದ ಎಷ್ಟೋ ಜಾನಪದ ತಾಳಗಳಂತೆ ಇಲ್ಲಿಯೂ ಒಂದು ಚಮತ್ಕಾರವಿದೆ: ಒಂದು ಕೈ ‘ತಕಿಟ ತಕಿಟ’ ಎಂದರೆ ಇನ್ನೊಂದು ಕೈ ‘ತಕ ತಕ ತಕ’ ಎನ್ನುತ್ತದೆ. ಎರಡೂ ಆರೇ ಅಕ್ಷರ. ಮೃದಂಗ ಕಲಿತವರು ಮುಗುಳ್ನಗುತ್ತೀರಿ ಎಂದು ನನಗೆ ಗೊತ್ತು.

[ದೃಶ್ಯ: ಪಿಯಾನೊ ಕೀಲಿಗಳ ಸಮೀಪದ ಚಿತ್ರ.]

ಅಮೆರಿಕಕ್ಕೆ ಬಂದರೆ ಹಿಮದ ಹಾಡುಗಳೆಲ್ಲ ಅಲ್ಲಿಯವೇ. ಬಿಂಗ್ ಕ್ರಾಸ್ಬಿ 1942ರಲ್ಲಿ ಹಾಡಿದ ‘ವೈಟ್ ಕ್ರಿಸ್ಮಸ್’ ಬರೆದದ್ದು ಇರ್ವಿಂಗ್ ಬರ್ಲಿನ್, ರಷ್ಯಾದಿಂದ ವಲಸೆ ಬಂದ ಯೆಹೂದಿ ಮನೆತನದವರು. ನ್ಯಾಟ್ ಕಿಂಗ್ ಕೋಲ್ ರೇಷ್ಮೆಯಂತಹ ದನಿಯಲ್ಲಿ ಹಾಡಿದ ‘ದ ಕ್ರಿಸ್ಮಸ್ ಸಾಂಗ್’ ಹುಟ್ಟಿದ್ದು 1945ರ ಉರಿ ಸೆಕೆಯಲ್ಲಿ, ಚಳಿಯನ್ನು ನೆನೆದರೆ ಮೈ ತಣ್ಣಗಾದೀತು ಎಂಬ ಆಸೆಯಿಂದ. ಮರಾಯಾ ಕ್ಯಾರಿಯವರ 1994ರ ಹಾಡನ್ನು ನಾನು ಶಿಫಾರಸು ಮಾಡುವುದಿಲ್ಲ. ನೀವು ಬೇಡವೆಂದರೂ ಅದು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಜಾಜ್ ಬೇಕೆಂದರೆ ಎರಡು. ಚೈಕೋವ್ಸ್ಕಿಯವರ 1892ರ ‘ನಟ್‌ಕ್ರ್ಯಾಕರ್’ ಬ್ಯಾಲೆಯಲ್ಲಿ ಸಕ್ಕರೆ ಮಿಠಾಯಿಯ ಯಕ್ಷಿಣಿ ಕುಣಿಯುವಾಗ ಸೆಲೆಸ್ಟಾ ಎಂಬ ವಾದ್ಯ ಗಾಜಿನ ಬಳೆಗಳಂತೆ ಕಿಣಿಕಿಣಿ ಎನ್ನುತ್ತದೆ. ಅದೇ ಸಂಗೀತವನ್ನು ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ 1960ರಲ್ಲಿ ಜಾಜ್ ಮೇಳಕ್ಕೆ ತಂದರು. ಅಲ್ಲಿ ಯಕ್ಷಿಣಿಯ ಹೆಸರು ‘ಶುಗರ್ ರಮ್ ಚೆರಿ’. ಸೆಲೆಸ್ಟಾ ಇರಬೇಕಾದಲ್ಲಿ ಸ್ಯಾಕ್ಸೊಫೋನ್ ತೂಕಡಿಸುತ್ತ ಬರುತ್ತದೆ. ಹಬ್ಬದ ರಮ್ ಕೇಕ್ ಯಾರಿಗೋ ತುಸು ಹೆಚ್ಚಾಗಿದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಇನ್ನೊಂದು, ವಿನ್ಸ್ ಗ್ವರಾಲ್ಡಿ ಅವರ 1965ರ ‘ಎ ಚಾರ್ಲಿ ಬ್ರೌನ್ ಕ್ರಿಸ್ಮಸ್’. ಪಿಯಾನೊ, ಬಾಸ್, ಡ್ರಮ್ ಅಷ್ಟೇ, ಒಂದೆರಡು ಹಾಡಿನಲ್ಲಿ ಮಕ್ಕಳ ದನಿ. ಹಬ್ಬದ ಹಾಡಿನಲ್ಲಿ ಇಷ್ಟು ಬೇಸರವನ್ನು ಇಷ್ಟು ಹಗುರವಾಗಿ ಇಟ್ಟವರು ಕಡಿಮೆ.

ಜಗಳದ ಹಾಡು ಎಂದೆನಲ್ಲ, ಅದು ದ ಪೋಗ್ಸ್ ತಂಡದ 1987ರ ‘ಫೇರಿಟೇಲ್ ಆಫ್ ನ್ಯೂಯಾರ್ಕ್’. ಕುಡುಕರನ್ನು ಕೂಡಿಹಾಕುವ ಲಾಕಪ್ಪಿನಲ್ಲಿ, ಕ್ರಿಸ್ಮಸ್ ಹಿಂದಿನ ರಾತ್ರಿ, ಹಾಡು ಶುರುವಾಗುತ್ತದೆ. ಮೊದಲು ನಿಧಾನ, ಆಮೇಲೆ ಐರಿಷ್ ಕುಣಿತ. ಅದೇ ತೊಟ್ಟಿಲಿನ ತಕಿಟ, ಆದರೆ ಈಗ ಓಡುತ್ತಿದೆ. ಬೈಗುಳಗಳಿವೆ, ಹಿರಿಯರ ಮುಂದೆ ಹಾಕುವ ಮುನ್ನ ಒಮ್ಮೆ ನೀವೇ ಕೇಳಿಕೊಳ್ಳಿ.

[ದೃಶ್ಯ: ಹಳೆಯ ಟೇಪ್‌ರೆಕಾರ್ಡರ್.]

ಕೊನೆಯದಾಗಿ ಮಂಗಳೂರು. 1834ರಲ್ಲಿ ಬಾಸೆಲ್ ಮಿಷನ್ ಅಲ್ಲಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಕೀರ್ತನೆಗಳು ಹುಟ್ಟಿದವು, ಇವತ್ತಿಗೂ ಸಭೆಗಳಲ್ಲಿ ಹಾಡುತ್ತಾರೆ. ಆದರೆ ನನ್ನ ಬಾಲ್ಯದ ಕ್ರಿಸ್ಮಸ್ ಬೇರೆ. ಪಕ್ಕದ ಮನೆಯ ಬಾಯಮ್ಮನವರು ಕುಸ್ವಾರ್, ಎಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡುವ ದಿನ ಟೇಪ್‌ರೆಕಾರ್ಡರನ್ನು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದರು. ಒಂದು ಕ್ಯಾಸೆಟ್ ಬೋನಿ ಎಂ ತಂಡದ್ದು. ಅದು ಬಂದಾಗ ನಾವು ಮಕ್ಕಳು ಕಿಡಿಯೊ ಎಂಬ ತಿಂಡಿ ಹೊಸೆಯುವುದನ್ನು ಬಿಟ್ಟು ಕುಣಿಯುತ್ತಿದ್ದೆವು. ಇನ್ನೊಂದು ಜಿಮ್ ರೀವ್ಸ್ ಅವರ 1963ರ ‘ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್ಮಸ್’. ಅಮೆರಿಕದ ಕಂಟ್ರಿ ಗಾಯಕ, ತುಂಬು ಕಂಠ, ಯಾರನ್ನೋ ಸಮಾಧಾನ ಮಾಡುತ್ತಿರುವಂತಹ ದನಿ.

ಆ ಕ್ಯಾಸೆಟ್ಟಿನ ಟೇಪು ವರ್ಷವರ್ಷ ಎಳೆದು ಸಡಿಲಾಗಿತ್ತು. ಕೊನೆಯ ಹಾಡಿಗೆ ಬರುವಾಗ ರೀವ್ಸ್ ಅವರ ದನಿ ಇನ್ನೂ ಕೆಳಗಿಳಿದು, ಇನ್ನೂ ನಿಧಾನವಾಗಿ, ನಿದ್ದೆಗೆ ಜಾರುತ್ತಿರುವವರು ಹಾಡಿದಂತೆ ಕೇಳುತ್ತಿತ್ತು. ಎಷ್ಟೋ ವರ್ಷಗಳ ನಂತರ ಮೊಬೈಲಿನಲ್ಲಿ ಅದೇ ಹಾಡಿನ ಸ್ವಚ್ಛ ಮುದ್ರಣ ಕೇಳಿದೆ. ಇದ್ಯಾರೋ ಬೇರೆಯವರು ಹಾಡುತ್ತಿದ್ದಾರೆ ಎನ್ನಿಸಿತು. ನನಗೆ ಗೊತ್ತಿರುವ ‘ಸೈಲೆಂಟ್ ನೈಟ್’ ಇಷ್ಟು ಬೇಗ ಮುಗಿಯುವುದಿಲ್ಲ.

[ದೃಶ್ಯ: ಮತ್ತೆ ಮೇಜು, ಮತ್ತೆ ಬೆರಳುಗಳು. ಮೊದಲಿಗಿಂತ ನಿಧಾನ. ತೆರೆ ಕಪ್ಪಾಗುತ್ತದೆ, ತಟ್ಟುವ ಸದ್ದು ಇನ್ನೂ ಕೇಳುತ್ತದೆ.]